ವಿದ್ಯಾರ್ಥಿಗಳ ಸಣ್ಣ ಕಥೆಗಳ ಗುಣನಿರ್ಣಯ

೧

ನಮ್ಮ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಸಣ್ಣ ಕಥೆಯ ಸ್ಪರ್ಧೆ ನಡೆಯುವುದು ಬಹುಕಾಲದಿಂದ ಬಂದ ವಾಡಿಕೆ. ಕನ್ನಡ ಸಂಘದವರು ಪ್ರಕಟಣೆಯನ್ನು ಹಚ್ಚುತ್ತಾರೆ. ಇಪ್ಪತ್ತೋ ಮೂವತ್ತೋ ಕಥೆಗಳು ಬರುತ್ತವೆ. ಇಬ್ಬರು ಮೂವರು ಅಧ್ಯಾಪಕರು ಓದಿ ಅಂಕಗಳನ್ನು ಹಾಕುತ್ತಾರೆ. ಮೊದಲ ಮೂರು ಕಥೆಗಳಿಗೆ ಬಹುಮಾನ ಸಲ್ಲುತ್ತದೆ. ಉಳಿದ ಕಥೆಗಳು ಏನಾದುವೆಂದು ಯಾರೂ ಕೇಳುವುದಿಲ್ಲ. ತೀರ್ಪುಗಾರರಾಗಿ ಕನ್ನಡ ಅಧ್ಯಾಪಕರ ಜೊತೆಗೆ ಬೇರೆ ವಿಭಾಗದವರನ್ನೂ ಕರೆಯುವ ಪದ್ಧತಿ ಇರುವುದರಿಂದ, ಚರಿತ್ರೆಯನ್ನು ಬೋಧಿಸುವ ನಮ್ಮಂಥವರ ಪಾಲಿಗೂ ಈ ಕೆಲಸ ಆಗಾಗ ಬರುತ್ತದೆ. ಸಾಹಿತ್ಯವಿಮರ್ಶೆ ನಮ್ಮ ವೃತ್ತಿಯಲ್ಲ. ಆದರೆ ಬರೆಹವೊಂದನ್ನು ಮುಂದಿಟ್ಟುಕೊಂಡು, ಅದರ ಸತ್ತ್ವವೆಷ್ಟು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ತೂಗಿ ನೋಡುವುದು ಚರಿತ್ರಕಾರನ ನಿತ್ಯದ ಕೆಲಸವೇ ಆಗಿದೆ. ಆ ದೃಷ್ಟಿಯಿಂದ ಈ ತೀರ್ಪುಗಾರಿಕೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇದು ಅಲ್ಪ ವಿಷಯವೆಂದು ವಾಚಕರು ಭಾವಿಸಬಾರದು. ಆಧುನಿಕ ಕನ್ನಡ ಸಾಹಿತ್ಯದ ಬಹುಭಾಗ ವಿದ್ಯಾರ್ಥಿದೆಸೆಯ ಬರೆವಣಿಗೆಯಿಂದ ಮೊಳೆತದ್ದು. ಮೈಸೂರು ವಿಶ್ವವಿದ್ಯಾನಿಲಯ ೧೯೧೬ರಲ್ಲಿ ಸ್ಥಾಪಿತವಾದ ಕೆಲವೇ ವರ್ಷಗಳಲ್ಲಿ, ಅದಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದರು. ಮಾಸ್ತಿಯವರ ‘ಕೆಲವು ಸಣ್ಣ ಕಥೆಗಳು’ ೧೯೨೦ರಲ್ಲಿ ಪ್ರಕಟವಾಗಿ ಕನ್ನಡದಲ್ಲಿ ಈ ಪ್ರಕಾರಕ್ಕೆ ಒಂದು ನೆಲೆ ದೊರೆತ ಕಾಲವೂ ಅದೇ. ಮುಂದೆ ಮಹಾರಾಜಾ ಕಾಲೇಜಿನಲ್ಲಿ ಓದಿದ ಯು. ಆರ್. ಅನಂತಮೂರ್ತಿಯವರ ಮೊದಲ ಕಥಾಸಂಕಲನ ‘ಎಂದೆಂದೂ ಮುಗಿಯದ ಕತೆ’ ೧೯೫೫ರಲ್ಲಿ ಹೊರಬಂದಾಗ ಅವರಿಗೆ ಇಪ್ಪತ್ತಮೂರು ವರ್ಷವೂ ತುಂಬಿರಲಿಲ್ಲ. ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ೧೯೪೮ರಲ್ಲಿ ಹುಟ್ಟಿ ಮೈಸೂರಿನಲ್ಲಿ ಓದಿದ ದೇವನೂರ ಮಹಾದೇವರ ‘ದ್ಯಾವನೂರು’ ಪ್ರಕಟವಾದದ್ದು ೧೯೭೩ರಲ್ಲಿ. ಇಂಥ ಕಥೆಗಳು ವಿದ್ಯಾರ್ಥಿಯ ಕೈಬರೆಹದ ಹಾಳೆಗಳಾಗಿ ನಮ್ಮ ಮೇಜಿನ ಮೇಲೆ ಬಂದಿದ್ದರೆ ನಾವು ಅವನ್ನು ಗುರುತಿಸುತ್ತಿದ್ದೆವೆ? ಈ ಪ್ರಶ್ನೆಯನ್ನು ತೀರ್ಪುಗಾರನಾದವನು ತನಗೆ ತಾನು ಹಾಕಿಕೊಳ್ಳುವುದು ಒಳ್ಳೆಯದು. ಕಥೆ ಬರೆದ ಎಲ್ಲರೂ ಕಥೆಗಾರರಾಗುವುದಿಲ್ಲ, ನಿಜ. ಆದರೆ ತನ್ನ ಮನೆಯ ಮಾತನ್ನು ಮೊದಲ ಬಾರಿಗೆ ಕಾಗದದ ಮೇಲಿಟ್ಟ ಹುಡುಗನೋ ಹುಡುಗಿಯೋ ಎರಡನೆಯ ಸಲ ಬರೆಯುವರೆ ಇಲ್ಲವೆ ಎಂಬುದು ಅನೇಕ ವೇಳೆ ಆ ಒಂದು ತೀರ್ಪಿನ ಮೇಲೆ ನಿಂತಿರುತ್ತದೆ.

೨

ಮೊದಲಿಗೆ, ಅಂಕ ಹಾಕುವ ನಮ್ಮ ಶಕ್ತಿಯ ಬಗೆಗೆ ನಮಗಿರುವ ವಿಶ್ವಾಸ ಎಷ್ಟು ಯುಕ್ತವಾದದ್ದೆಂಬುದನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಹಾರ್ಟಾಗ್ ಮತ್ತು ರೋಡ್ಸ್ ಎಂಬ ವಿದ್ವಾಂಸರು ಪರೀಕ್ಷೆಗಳನ್ನೇ ಪರೀಕ್ಷೆಗೊಡ್ಡಿ ೧೯೩೫ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅವರು ಆಯ್ದುಕೊಂಡ ವಿಷಯಗಳಲ್ಲಿ ಚರಿತ್ರೆಯೂ ಒಂದಾಗಿದ್ದುದು ನಮಗೆ ವಿಶೇಷವಾಗಿ ಗಮನಾರ್ಹ. ಮೂಲ ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದಿದ್ದ ೧೫ ಉತ್ತರಪತ್ರಿಕೆಗಳನ್ನು ಅನುಭವಿಗಳಾದ ೧೫ ಪರೀಕ್ಷಕರಿಗೆ ಕೊಟ್ಟರು. ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅವರಲ್ಲಿ ೧೪ ಮಂದಿಗೆ ಅವೇ ಪತ್ರಿಕೆಗಳನ್ನು ಮತ್ತೆ ಕೊಟ್ಟರು. ಹೀಗೆ ದೊರೆತ ೨೧೦ ತೀರ್ಪುಗಳಲ್ಲಿ ೯೨ ತೀರ್ಪುಗಳು ಅದೇ ಪರೀಕ್ಷಕನ ಹಿಂದಿನ ತೀರ್ಪಿಗಿಂತ ಬೇರೆಯಾಗಿದ್ದುವು. ಒಬ್ಬನಿಗೂ ಇನ್ನೊಬ್ಬನಿಗೂ ಭೇದ ಬರುವುದಿರಲಿ, ಒಬ್ಬನೇ ತನ್ನೊಡನೆ ತಾನು ಒಪ್ಪಲಿಲ್ಲ.

ಇದು ಚರಿತ್ರೆಯ ಉತ್ತರಗಳ ಮಾತು. ಅಲ್ಲಿ ಇಸವಿ, ಕಾರಣ, ಪರಿಣಾಮ ಎಂಬ ಆಧಾರಗಳಾದರೂ ಉಂಟು. ಸ್ವತಂತ್ರ ಬರೆವಣಿಗೆಯ ವಿಷಯದಲ್ಲಿ ಸ್ಥಿತಿ ಇನ್ನೂ ಕಠಿನ. ಅಮೆರಿಕದಲ್ಲಿ ಡೀಡರಿಕ್ ಮತ್ತು ಅವರ ಸಂಗಡಿಗರು ೧೯೬೧ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳ ೩೦೦ ಪ್ರಬಂಧಗಳನ್ನು ೫೩ ಮಂದಿ ಓದಿದರು. ಓದಿದವರಲ್ಲಿ ಭಾಷಾ ಅಧ್ಯಾಪಕರು, ಸಮಾಜಶಾಸ್ತ್ರಗಳ ಅಧ್ಯಾಪಕರು, ವಿಜ್ಞಾನದ ಅಧ್ಯಾಪಕರು, ಲೇಖಕರು ಮತ್ತು ಸಂಪಾದಕರು, ವಕೀಲರು, ವ್ಯಾಪಾರಸಂಸ್ಥೆಗಳ ಅಧಿಕಾರಿಗಳು ಎಲ್ಲರೂ ಇದ್ದರು. ಒಂಬತ್ತು ದರ್ಜೆಗಳಲ್ಲಿ ಯಾವುದಾದರೊಂದನ್ನು ಕೊಡಬೇಕೆಂಬುದಷ್ಟೇ ನಿಯಮ. ನೂರಕ್ಕೆ ೯೪ರಷ್ಟು ಪ್ರಬಂಧಗಳಿಗೆ ಏಳು, ಎಂಟು ಅಥವಾ ಒಂಬತ್ತು ಬೇರೆ ಬೇರೆ ದರ್ಜೆಗಳು ಬಂದುವು. ಐದಕ್ಕಿಂತ ಕಡಮೆ ದರ್ಜೆಗಳನ್ನು ಪಡೆದ ಪ್ರಬಂಧ ಒಂದೂ ಇರಲಿಲ್ಲ.

ಇದರಿಂದ ತೀರ್ಪೆಂಬುದೇ ವ್ಯರ್ಥವೆಂದು ತಿಳಿಯಬೇಕಾಗಿಲ್ಲ. ಆ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಓದುಗರು ಮನಬಂದಂತೆ ಚದುರಿಹೋಗಿಲ್ಲ, ಐದು ಗುಂಪುಗಳಾಗಿ ಒಡೆದಿದ್ದಾರೆ ಎಂಬುದನ್ನು ಕಂಡರು. ಒಂದು ಗುಂಪು ಮುಖ್ಯವಾಗಿ ವಿಚಾರವನ್ನು ನೋಡುತ್ತಿತ್ತು, ಒಂದು ರಚನೆಯನ್ನು, ಒಂದು ವ್ಯಾಕರಣ ಮತ್ತು ಕಾಗುಣಿತಗಳ ಶುದ್ಧಿಯನ್ನು, ಒಂದು ಪದಗಳ ಆಯ್ಕೆಯನ್ನು, ಇನ್ನೊಂದು ಬರೆದವನ ವ್ಯಕ್ತಿತ್ವದ ಸೊಗಡನ್ನು. ಎಂದರೆ ಪ್ರತಿಯೊಬ್ಬನೂ ಏನನ್ನೋ ನಿಜವಾಗಿಯೇ ಕಂಡಿದ್ದನು. ಒಬ್ಬನು ಕಂಡದ್ದು ಇನ್ನೊಬ್ಬನಿಗೆ ಮುಖ್ಯವಾಗಿರಲಿಲ್ಲ, ಅಷ್ಟೆ.

೩

ಈ ತೊಂದರೆಯನ್ನು ನಿವಾರಿಸಲು ನಾವು ಸಾಮಾನ್ಯವಾಗಿ ಮಾಡುವುದೇನು? ಅಂಕಗಳನ್ನು ಹಂಚಿಬಿಡುತ್ತೇವೆ. ವಸ್ತುವಿಗೆ ೨೦, ರಚನೆಗೆ ೨೦, ಪಾತ್ರಗಳಿಗೆ ೨೦, ಭಾಷೆಗೆ ೨೦, ಸಂದೇಶಕ್ಕೆ ೨೦. ಕೂಡಿದರೆ ನೂರು. ನೋಡುವುದಕ್ಕೆ ಇದು ಬಹಳ ನ್ಯಾಯವಾಗಿ ತೋರುತ್ತದೆ. ಆದರೆ ಇದರ ಫಲವೇನೆಂಬುದನ್ನು ಕಾಣಲು ಎರಡು ಕಥೆಗಳನ್ನು ಕಲ್ಪಿಸಿಕೊಳ್ಳೋಣ.

ಮೊದಲನೆಯ ಕಥೆಯಲ್ಲಿ ತಂದೆಯಿಲ್ಲದ ಬಡ ಹುಡುಗನೊಬ್ಬನು ಕಷ್ಟಪಟ್ಟು ಓದಿ ದೊಡ್ಡ ಅಧಿಕಾರಿಯಾಗುತ್ತಾನೆ. ಅವನು ಹಳ್ಳಿಗೆ ಹಿಂತಿರುಗುವ ದಿನವೇ ತಾಯಿ ಪ್ರಾಣ ಬಿಡುತ್ತಾಳೆ. ಹೊರಗೆ ಮಳೆ ಸುರಿಯುತ್ತಿರುತ್ತದೆ. ಕಾಗುಣಿತದ ತಪ್ಪು ಒಂದೂ ಇಲ್ಲ. ಕೊನೆಯ ವಾಕ್ಯದಲ್ಲಿ ಮಾತೃಪ್ರೇಮದ ಮೇಲೊಂದು ನೀತಿಯೂ ಇದೆ. ಎರಡನೆಯ ಕಥೆಯಲ್ಲಿ ಮೈಸೂರಿನ ಹೊರಬಡಾವಣೆಯ ಮನೆಯೊಂದರಲ್ಲಿ ತಾಯಿ ಮಗಳು ಊದುಬತ್ತಿ ಹೊಸೆಯುತ್ತಾರೆ. ಸಾವಿರ ಕಡ್ಡಿಗೆ ಇಷ್ಟೆಂದು ಕೂಲಿ. ಎಣಿಸಿಕೊಳ್ಳಲು ಬಂದವನು ಸರಿಯಿಲ್ಲವೆಂದು ಒಂದು ಹಿಡಿ ಕಡ್ಡಿಗಳನ್ನು ಪಕ್ಕಕ್ಕೆಸೆಯುತ್ತಾನೆ. ತಾಯಿ ಏನೂ ಅನ್ನುವುದಿಲ್ಲ. ರಾತ್ರಿ ಪುಸ್ತಕ ತೆರೆದ ಮಗಳಿಗೆ ತನ್ನ ಕರಿಯ ಬೆರಳ ಗುರುತು ಹಾಳೆಯ ಮೇಲೆ ಬಿದ್ದದ್ದು ಕಾಣುತ್ತದೆ. ಅಲ್ಲಿಗೆ ಕಥೆ ನಿಂತುಬಿಡುತ್ತದೆ. ನಡುವೆ ಒಂದು ಪುಟ ಬೇಡದ ವಿವರ. ಸಾಲು ಸಾಲಿಗೂ ಕಾಗುಣಿತದ ತಪ್ಪು.

ಮೊದಲನೆಯದಕ್ಕೆ ನಾವು ಕ್ರಮವಾಗಿ ೧೩, ೧೫, ೧೩, ೧೬, ೧೫ ಅಂಕಗಳನ್ನು ಕೊಟ್ಟೆವೆನ್ನೋಣ, ಒಟ್ಟು ೭೨. ಎರಡನೆಯದಕ್ಕೆ ವಸ್ತುವಿನಲ್ಲಿ ೧೮, ರಚನೆಯಲ್ಲಿ ೧೦, ಪಾತ್ರಗಳಲ್ಲಿ ೧೮, ಭಾಷೆಯಲ್ಲಿ ೯, ಸಂದೇಶದಲ್ಲಿ ೬, ಒಟ್ಟು ೬೧. ಪ್ರತಿಯೊಂದು ಅಂಕವನ್ನೂ ನಾವು ಸಮರ್ಥಿಸಬಲ್ಲೆವು. ಆದರೂ ಮೊದಲನೆಯ ಕಥೆಯನ್ನು ಓದುವ ಮುನ್ನವೇ ನಾವು ಬಲ್ಲೆವು. ಎರಡನೆಯದನ್ನು ಓದಿದ ಮೇಲೆ ಮರೆಯಲಾರೆವು. ಎಣಿಸಲು ಸುಲಭವಾದ ಗುಣಗಳು ಎಣಿಸಲಾಗದ ಗುಣವನ್ನು ಹೀಗೆ ಮುಚ್ಚಿಬಿಡುತ್ತವೆ. ‘ಸಂದೇಶ’ವೆಂಬ ಒಂದು ಶೀರ್ಷಿಕೆಯನ್ನು ಸೇರಿಸಿದ ಮಾತ್ರಕ್ಕೇ, ಹೇಳದೆ ಬಿಡುವುದನ್ನು ಬಲ್ಲ ಕಥೆಗಾರನಿಗೆ ಹದಿನೈದು ಅಂಕಗಳ ದಂಡ ಬೀಳಬಹುದು. ಅಂಕಪಟ್ಟಿಯು ಪಕ್ಷಪಾತವನ್ನು ತಡೆಯುವ ಉಪಾಯವೆಂದು ನಾವು ನಂಬಿರುತ್ತೇವೆ. ವಾಸ್ತವವಾಗಿ ಅದು ಪಟ್ಟಿಯನ್ನು ಸಿದ್ಧಪಡಿಸಿದವನ ಅಭಿರುಚಿಯನ್ನು ಎಲ್ಲರ ಮೇಲೂ ಹೇರಿರುತ್ತದೆ.

೪

ಭಾಷೆಯ ದೋಷಗಳ ವಿಚಾರವನ್ನು ಪ್ರತ್ಯೇಕವಾಗಿಯೇ ಎತ್ತಿಕೊಳ್ಳಬೇಕು. ಏಕೆಂದರೆ ಕೆಂಪು ಶಾಯಿ ಅಧಿಕವಾಗಿ ವ್ಯಯವಾಗುವುದು ಇಲ್ಲಿಯೇ. ಈ ವಿಷಯದಲ್ಲಿ ನಮ್ಮ ಪ್ರಾಚೀನರ ವಿವೇಕ ನಮಗಿಂತ ಮಿಗಿಲಾಗಿತ್ತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತನ್ನ ಮೊದಲ ಪರಿಚ್ಛೇದವನ್ನೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲಿಟ್ಟಿದೆ. ಕನ್ನಡದಲ್ಲಿ ಪ್ರಾದೇಶಿಕ ಭೇದಗಳು ಲೆಕ್ಕವಿಲ್ಲದಷ್ಟು ಉಂಟೆಂಬುದನ್ನು ಬಲ್ಲ ಗ್ರಂಥಕಾರನು ನಮ್ಮ ನುಡಿಯನ್ನು ಬಹುವಚನದಲ್ಲಿಯೇ ಕರೆದಿದ್ದಾನೆ. ಸಂಸ್ಕೃತ ಆಲಂಕಾರಿಕರು ನಿತ್ಯದೋಷ, ಅನಿತ್ಯದೋಷ ಎಂದು ವಿಂಗಡಿಸಿದರು. ಎಲ್ಲ ಸಂದರ್ಭದಲ್ಲಿಯೂ ದೋಷವಾಗಿಯೇ ಉಳಿಯುವುದು ನಿತ್ಯದೋಷ; ಸಂದರ್ಭ ಬದಲಾದರೆ ದೋಷತ್ವವನ್ನು ಕಳೆದುಕೊಳ್ಳುವುದು ಅನಿತ್ಯದೋಷ. ‘ಗ್ರಾಮ್ಯ’ವೆಂಬುದು ದೋಷಗಳ ಪಟ್ಟಿಯಲ್ಲಿದ್ದರೂ, ಅಂಥ ಮಾತನ್ನಾಡುವ ಪಾತ್ರದ ಬಾಯಲ್ಲಿ ಅದು ಗುಣವೇ ಆಗುತ್ತದೆಂದು ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಒಪ್ಪಿದ್ದಾನೆ. ಮೈಸೂರಿನ ಅಧ್ಯಾಪಕರಾಗಿದ್ದ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ೧೯೫೩ರಲ್ಲಿ ಪ್ರಕಟವಾದಂದಿನಿಂದ ಇಂಥ ವಿಚಾರಗಳು ಕನ್ನಡ ವಾಚಕರಿಗೆ ಸುಲಭವಾಗಿ ದೊರೆಯುವಂತಾಗಿವೆ. ತರಗತಿಯಲ್ಲಿ ಅವನ್ನು ಬೋಧಿಸುವ ನಾವು ತೀರ್ಪು ಕೊಡುವಾಗ ಮಾತ್ರ ಮರೆಯುವುದು ಸರಿಯಲ್ಲ.

ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಕಾರ ಲೋಪವಾಗಿ ‘ಹಾಲು’ ‘ಆಲು’ ಆಗುವುದು, ‘ಹಳ್ಳಿ’ ‘ಅಳ್ಳಿ’ ಆಗುವುದು ಎಲ್ಲರಿಗೂ ತಿಳಿದದ್ದೇ. ವಿದ್ಯಾರ್ಥಿಯ ಕಥೆಯಲ್ಲಿ ಇಂಥ ರೂಪಗಳು ಕಂಡಾಗ ಮೂರು ಸಂದರ್ಭಗಳನ್ನು ಬೇರ್ಪಡಿಸಬೇಕು. ಪಾತ್ರದ ಮಾತಿನಲ್ಲಿ ಬಂದರೆ ಅದು ಗುಣ. ಗ್ರಂಥಸ್ಥ ಕನ್ನಡದಲ್ಲಿ ಸಾಗುತ್ತಿರುವ ನಿರೂಪಣೆಯ ನಡುವೆ ಎಲ್ಲೋ ಒಂದು ಕಡೆ ನುಸುಳಿದರೆ ಅದು ಕೈತಪ್ಪು, ತಿದ್ದಬೇಕಾದದ್ದು. ಇಡೀ ನಿರೂಪಣೆಯೇ ಆ ನುಡಿಯಲ್ಲಿ ನಡೆದಿದ್ದರೆ ಅದು ಬರೆದವನ ಆಯ್ಕೆ; ಆ ಆಯ್ಕೆ ಕಥೆಗೆ ಒದಗಿದೆಯೆ ಎಂಬುದಷ್ಟೇ ಪ್ರಶ್ನೆ. ‘ದ್ಯಾವನೂರು’ ಸಂಕಲನದ ಹೆಸರನ್ನೇ ನೋಡಿರಿ. ಕಾಗುಣಿತವನ್ನು ಮಾತ್ರ ಬಲ್ಲ ತೀರ್ಪುಗಾರನು ಆ ಹೆಸರಿನಿಂದಲೇ ತಿದ್ದಲು ತೊಡಗುತ್ತಿದ್ದನು. ನಂಜನಗೂಡಿನ ಸುತ್ತಿನ ಮಾತು ಸಾಹಿತ್ಯದ ಮಾತಾಗಬಲ್ಲುದೆಂದು ಆ ಕಥೆಗಳೂ, ಅನಂತರ ‘ಒಡಲಾಳ’, ‘ಕುಸುಮಬಾಲೆ’ಗಳೂ ತೋರಿಸಿದ ಮೇಲೆ ನಮಗೆ ಯಾವ ನೆಪವೂ ಉಳಿದಿಲ್ಲ.

ಇದೇ ವಿವೇಕವನ್ನು ನಾವು, ಚರಿತ್ರೆಯ ಅಧ್ಯಾಪಕರು, ನಮಗೂ ಅನ್ವಯಿಸಿಕೊಳ್ಳಬೇಕು. ವಿಷ್ಣುವರ್ಧನನ ಕಾಲದ ಕಥೆಯಲ್ಲಿ ಅಡಿಗೆಯವನು ಸಾರಿಗೆ ಒಣಮೆಣಸಿನಕಾಯಿ ಹಾಕಿದರೆ ನಮ್ಮ ಲೇಖನಿ ಒಡನೆಯೇ ಚುರುಕಾಗುತ್ತದೆ. ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರು ಬಂದ ಮೇಲೆ, ಹದಿನಾರನೆಯ ಶತಮಾನದಲ್ಲಿ, ನಮ್ಮ ನಾಡಿಗೆ ಬಂದದ್ದು. ಹನ್ನೆರಡನೆಯ ಶತಮಾನದ ಹೊಯ್ಸಳರ ಅಡಿಗೆಮನೆಯಲ್ಲಿ ಖಾರಕ್ಕೆ ಇದ್ದದ್ದು ಕರಿಮೆಣಸು. ಇದನ್ನು ವಿದ್ಯಾರ್ಥಿಗೆ ಅಗತ್ಯವಾಗಿ ತಿಳಿಸೋಣ. ಆದರೆ ಒಂದು ಪದವನ್ನು ಬದಲಿಸಿದರೆ ನೀಗುವ ತಪ್ಪಿಗಾಗಿ ಕಥೆಯನ್ನೇ ತಳ್ಳಿಹಾಕಬಾರದು. ಹೊಯ್ಸಳರ ದಂಡನಾಯಕನು ಇಪ್ಪತ್ತನೆಯ ಶತಮಾನದ ಸಭೆಯ ಭಾಷಣಕಾರನಂತೆ ಯೋಚಿಸಿದರೆ ಅದು ಮಾತ್ರ ಆಳವಾದ ದೋಷ. ಅಲ್ಲಿ ಬರೆದವನು ಗತಕಾಲದ ಮನುಷ್ಯನನ್ನು ಕಂಡೇ ಇಲ್ಲ.

೫

‘ಕಂಡಿದ್ದಾನೆಯೆ?’ ಎಂಬ ಈ ಪ್ರಶ್ನೆಯೇ ನಮ್ಮ ಅಭಿಪ್ರಾಯದಲ್ಲಿ ಗುಣನಿರ್ಣಯದ ತಿರುಳು. ಫ್ರಾನ್ಸಿನ ಲಾಂಗ್ಲ್ವಾ ಮತ್ತು ಸೇನ್ಯೊಬೊ ಎಂಬ ಚರಿತ್ರಕಾರರು ೧೮೯೮ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಆಕರಗಳ ವಿಮರ್ಶೆಯನ್ನು ಬಾಹ್ಯ, ಆಂತರಿಕ ಎಂದು ಎರಡಾಗಿ ವಿಂಗಡಿಸಿದರು. ಈ ದಾಖಲೆ ಯಾರದು, ಯಾವಾಗಿನದು, ಮೂಲವೋ ನಕಲೋ ಎಂದು ಕೇಳುವುದು ಬಾಹ್ಯ ವಿಮರ್ಶೆ. ಬರೆದವನು ತಾನು ಹೇಳಿದ್ದನ್ನು ಕಂಡು ಬರೆದನೋ, ಕೇಳಿ ಬರೆದನೋ, ಮೆಚ್ಚಿಸಲೆಂದು ಬರೆದನೋ ಎಂದು ಕೇಳುವುದು ಆಂತರಿಕ ವಿಮರ್ಶೆ. ಕಥೆಯು ಕಲ್ಪನೆಯ ಕೃತಿಯಾದರೂ ಈ ಪ್ರಶ್ನೆಗಳು ಅದಕ್ಕೂ ಸಲ್ಲುತ್ತವೆ. ಕಲ್ಪನೆಯಲ್ಲಿಯೂ ಕಂಡದ್ದು ಬೇರೆ, ಎರವಲು ತಂದದ್ದು ಬೇರೆ. ಕರಿಯ ಬೆರಳ ಗುರುತು ಕಂಡದ್ದು. ಸಾವಿನ ಹೊತ್ತಿನ ಮಳೆ ಬಹುಮಟ್ಟಿಗೆ ಎರವಲು.

ಬಾಹ್ಯ ವಿಮರ್ಶೆಗೆ ಈಚೆಗೆ ಹೊಸದೊಂದು ಮಹತ್ತ್ವ ಬಂದಿದೆ. ಕೇಳಿದೊಡನೆ ಕಥೆ ಬರೆದುಕೊಡುವ ಯಂತ್ರಗಳು ಇಂದು ವಿದ್ಯಾರ್ಥಿಯ ಅಂಗೈಯಲ್ಲಿವೆ. ಅವು ತಪ್ಪಿಲ್ಲದ, ನಯವಾದ, ನೀತಿಯುಕ್ತವಾದ ಕಥೆಯನ್ನು ಕ್ಷಣದಲ್ಲಿ ಒದಗಿಸಬಲ್ಲುವು. ಎಂದರೆ ನಮ್ಮ ಅಂಕಪಟ್ಟಿಯಲ್ಲಿ ೭೨ ಪಡೆಯುವ ಕಥೆಯನ್ನು. ಬರೆಹವನ್ನು ನೋಡಿದ ಮಾತ್ರಕ್ಕೆ ಇದು ಯಂತ್ರದ್ದೆಂದು ಖಚಿತವಾಗಿ ಹೇಳಲು ಬರುವುದಿಲ್ಲವಾಗಿ, ಶಂಕೆಯಿಂದಲೇ ದೋಷಾರೋಪ ಮಾಡುವುದು ಅನ್ಯಾಯ. ಕಥೆಯೊಂದಿಗೆ ಕರಡು ಪ್ರತಿಯನ್ನೂ ಕೇಳಿ ಪಡೆಯುವುದು, ಅಂತಿಮ ಸುತ್ತಿಗೆ ಬಂದವರೊಡನೆ ಹತ್ತು ನಿಮಿಷ ಕಥೆಯ ಕುರಿತು ಮಾತನಾಡುವುದು, ಇವು ಸರಳವಾದ ದಾರಿಗಳು. ತಾನು ಬರೆದ ಕಥೆಯಿಂದ ಏನನ್ನು ಕೈಬಿಟ್ಟೆನೆಂದು ಹೇಳುವುದು ಬರೆದವನಿಗೆ ಕಷ್ಟವಲ್ಲ.

೬

ಇಷ್ಟರಿಂದ ತೀರ್ಪಿನ ಕ್ರಮವೊಂದನ್ನು ರೂಪಿಸಬಹುದು. ಇದಕ್ಕೆ ವಿಶೇಷ ವೆಚ್ಚವೇನೂ ಬೇಕಾಗಿಲ್ಲ.

ಮೊದಲನೆಯದಾಗಿ, ಕಥೆಗಳ ಮೇಲೆ ಹೆಸರಿನ ಬದಲು ಸಂಖ್ಯೆ ಮಾತ್ರ ಇರಬೇಕು. ತೀರ್ಪುಗಾರರು ಮೂವರಿದ್ದು, ಒಬ್ಬರೊಡನೊಬ್ಬರು ಚರ್ಚಿಸುವ ಮುನ್ನ ಬೇರೆ ಬೇರೆಯಾಗಿ ಓದಿ ತಮ್ಮ ಅಭಿಪ್ರಾಯವನ್ನು ಬರೆದಿಡಬೇಕು. ಓದುವ ಅನುಕ್ರಮವೂ ಒಬ್ಬೊಬ್ಬರಿಗೆ ಒಂದೊಂದಾಗಿರಲಿ. ಇಪ್ಪತ್ತೊಂಬತ್ತನೆಯ ಕಥೆಯ ಹೊತ್ತಿಗೆ ಆಯಾಸಗೊಂಡ ಕಣ್ಣು ಎಲ್ಲರದೂ ಒಂದೇ ಕಥೆಯ ಮೇಲೆ ಬೀಳಬಾರದು.

ಎರಡನೆಯದಾಗಿ, ಅಂಕ ಹಾಕುವುದಕ್ಕಿಂತ ಹೋಲಿಸುವುದು ಮೇಲು. ಅಮೆರಿಕದ ಮನಶ್ಶಾಸ್ತ್ರಜ್ಞ ಥರ್ಸ್ಟನ್ ೧೯೨೭ರಲ್ಲಿಯೇ ಇಂಥ ಹೋಲಿಕೆಯ ತತ್ತ್ವವನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದ್ದರು. ಒಂದು ಕಥೆಗೆ ೬೧ ಸಲ್ಲುವುದೋ ೬೪ ಸಲ್ಲುವುದೋ ಎಂಬುದಕ್ಕೆ ಯಾರ ಬಳಿಯೂ ಅಳತೆಗೋಲಿಲ್ಲ. ಎರಡು ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ಯಾವುದು ಮೇಲೆಂದು ಕೇಳಿದರೆ ಉತ್ತರ ಹೇಳಬಹುದು. ಮೂವತ್ತು ಕಥೆಗಳನ್ನು ಎರಡೆರಡಾಗಿ ಹೋಲಿಸಲು ೪೩೫ ಜೋಡಿಗಳಾಗುವುದರಿಂದ ಅದು ಅಸಾಧ್ಯ. ಆದುದರಿಂದ ಮೊದಲ ಓದಿನಲ್ಲಿ ಕಥೆಗಳನ್ನು ಮೂರು ರಾಶಿಗಳಾಗಿ ವಿಂಗಡಿಸಿ, ಮೇಲಿನ ರಾಶಿಯಲ್ಲಿ ಎಂಟು ಕಥೆಗಳು ಉಳಿಯುವಂತೆ ನೋಡಿಕೊಂಡರೆ ಜೋಡಿಗಳು ೨೮ ಮಾತ್ರ. ಎರಡು ಸಂಜೆಗಳ ಕೆಲಸ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ತೀರ್ಪುಗಾರರಲ್ಲಿ ತೀವ್ರವಾದ ಭಿನ್ನಾಭಿಪ್ರಾಯ ಬಂದಾಗ ಸರಾಸರಿ ತೆಗೆಯಬಾರದು. ಒಬ್ಬರು ೮೦, ಇನ್ನೊಬ್ಬರು ೪೦ ಕೊಟ್ಟ ಕಥೆಯ ಸರಾಸರಿ ೬೦. ಇಬ್ಬರೂ ಆಕಳಿಸುತ್ತ ೬೦ ಕೊಟ್ಟ ಕಥೆಯ ಸರಾಸರಿಯೂ ೬೦. ಈ ಎರಡು ಕಥೆಗಳು ಒಂದೇ ಎನ್ನಬಹುದೆ? ಎರಡು ಶಾಸನಗಳು ಒಂದೇ ಘಟನೆಗೆ ಎರಡು ವರ್ಷಗಳನ್ನು ಹೇಳಿದರೆ ನಡುವಣ ವರ್ಷವನ್ನು ಆರಿಸಿಕೊಳ್ಳುವ ಚರಿತ್ರಕಾರನಿಲ್ಲ. ಅವನು ಶಿಲೆಯ ಬಳಿಗೆ ಹಿಂದಿರುಗಿ ಅಕ್ಷರವನ್ನು ಮತ್ತೊಮ್ಮೆ ನೋಡುತ್ತಾನೆ. ೧೯೩೬ರಲ್ಲಿ ಬೆಳಕಿಗೆ ಬಂದ ಹಲ್ಮಿಡಿ ಶಾಸನವನ್ನು ನಮ್ಮ ವಿಶ್ವವಿದ್ಯಾನಿಲಯದ ಚರಿತ್ರೆಯ ಪ್ರಾಧ್ಯಾಪಕರಾಗಿದ್ದ ಎಂ. ಎಚ್. ಕೃಷ್ಣ ಅವರು ಪ್ರಕಟಿಸಿದ ಮೇಲೆ, ಅದರ ಪಾಠವನ್ನೂ ಕಾಲವನ್ನೂ ಕುರಿತು ವಿದ್ವಾಂಸರು ಭಿನ್ನ ಮತಗಳನ್ನು ಮಂಡಿಸಿದರು. ಆ ಭೇದಗಳಿಂದಲೇ ನಮ್ಮ ತಿಳಿವು ಬೆಳೆಯಿತು. ಹಾಗೆಯೇ ತೀರ್ಪುಗಾರರು ಒಡೆದುಹೋದ ಕಥೆಯನ್ನು ಎಲ್ಲರೂ ಕೂಡಿ ಗಟ್ಟಿಯಾಗಿ ಓದಬೇಕು. ಹೊಸ ದಾರಿಯಲ್ಲಿ ಹೊರಟ ಕಥೆ ಸಾಮಾನ್ಯವಾಗಿ ಇಂಥ ಜಗಳವನ್ನು ಹುಟ್ಟಿಸುವ ಕಥೆಗಳ ನಡುವೆಯೇ ಇರುತ್ತದೆ.

೭

ಕಡೆಯದಾಗಿ, ಪ್ರತಿಯೊಂದು ಕಥೆಯೂ ಒಂದು ಲಿಖಿತ ಅಭಿಪ್ರಾಯದೊಡನೆ ಬರೆದವರ ಕೈಗೆ ಮರಳಬೇಕು. ಮೂರು ವಾಕ್ಯಗಳು ಸಾಕು: ಈ ಕಥೆಯಲ್ಲಿ ನಾವು ಏನನ್ನು ಕಂಡೆವು, ಯಾವ ಎಡೆಯಲ್ಲಿ ನಮ್ಮ ನಂಬಿಕೆ ಸಡಲಿತು, ಮುಂದಿನ ಸಲ ಏನನ್ನು ಮಾಡಿ ನೋಡಬಹುದು. ‘ಉತ್ತಮ ಪ್ರಯತ್ನ’ ಎಂಬ ಎರಡು ಪದಗಳು ಓದದೆಯೂ ಬರೆಯಬಹುದಾದವು. ವಿದ್ಯಾರ್ಥಿಗೆ ಅದು ಚೆನ್ನಾಗಿ ತಿಳಿದಿರುತ್ತದೆ.

ಇಂಥ ಒಂದು ಮಾತಿನ ಬೆಲೆ ಎಷ್ಟೆಂಬುದಕ್ಕೆ ಈ ಊರಿನಲ್ಲಿಯೇ ನಿದರ್ಶನವಿದೆ. ೧೯೨೪ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ, ಮಲೆನಾಡಿನಿಂದ ಓದಲು ಬಂದಿದ್ದ ವಿದ್ಯಾರ್ಥಿ ಪುಟ್ಟಪ್ಪ ತಾನು ಇಂಗ್ಲಿಷಿನಲ್ಲಿ ಬರೆದಿದ್ದ ಕವನಗಳನ್ನು ಅವರಿಗೆ ತೋರಿಸಿದರು. ಕಸಿನ್ಸ್ ಅವರು ಓದಿ, ನಿಮ್ಮ ತಾಯ್ನುಡಿಯಲ್ಲಿ ಏಕೆ ಬರೆಯಬಾರದೆಂಬ ಅಭಿಪ್ರಾಯವನ್ನು ಕೊಟ್ಟರು. ಆ ಕವನಗಳಿಗೆ ಅಂಕ ಹಾಕಿದ್ದರೆ ಒಳ್ಳೆಯ ಅಂಕವೇ ಬರುತ್ತಿತ್ತೇನೋ; ಆ ಅಂಕದಿಂದ ಯಾವ ದಾರಿಯೂ ಕಾಣುತ್ತಿರಲಿಲ್ಲ. ಆ ವಿದ್ಯಾರ್ಥಿ ಮುಂದೆ ಕುವೆಂಪು ಎಂಬ ಹೆಸರಿನಿಂದ ಕನ್ನಡದ ಮಹಾಕವಿಯಾದರು. ೧೯೫೬ರಲ್ಲಿ ಇದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆದರು. ಕಸಿನ್ಸ್ ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ತಮ್ಮ ಮುಂದಿದ್ದ ಹಾಳೆಗಳಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಅವರು ಗಮನಕೊಟ್ಟು ಓದಿದರು.

ನಮ್ಮಿಂದ ಆಗಬೇಕಾದದ್ದೂ ಅಷ್ಟೇ. ಮೂವತ್ತು ಕಥೆಗಳಲ್ಲಿ ಮೂರಕ್ಕೆ ಬಹುಮಾನ ಸಲ್ಲಬಹುದು. ಉಳಿದ ಇಪ್ಪತ್ತೇಳು ಮಂದಿಗೂ ತಮ್ಮ ಕಥೆಯನ್ನು ಒಬ್ಬರು ಕಡೆಯವರೆಗೆ ಓದಿದರೆಂಬುದು ತಿಳಿಯಬೇಕು. ಮುಂದಿನ ವರ್ಷ ಅವರು ಮತ್ತೆ ಬರೆಯುವುದಕ್ಕೆ ಅದಕ್ಕಿಂತ ದೊಡ್ಡ ಕಾರಣವನ್ನು ನಾವು ಕೊಡಲಾರೆವು.